ಮಗಳಿಗೊಂದು ಪತ್ರ: ದಾರಿ ಬಿಟ್ಟ ಆರು ಹುಡುಗಿಯರ ಆಟದ ಕುರಿತು

ಚಿ. ಅನನ್ಯಳಿಗೆ ಅಮ್ಮನ ಆಶೀರ್ವಾದಗಳು.

'ದ ಪಾತ್' ಎಂಬ ಕಂಪ್ಯೂಟರ್ ಆಟದ ಬಗ್ಗೆ ಆಡಿದವರು ಬರೆದಿರುವ ಅಭಿಪ್ರಾಯಗಳನ್ನು ಓದಿ ತಲೆ ಕೆಟ್ಟುಹೋಯಿತೆಂದು ಬರೆದಿದ್ದೆಯಲ್ಲ, ಅದಕ್ಕೆ ಈ ಉತ್ತರ. ಒಬ್ಬರು ಇದನ್ನು ಅಪರೂಪದ ಕಲಾಕೃತಿ ಎಂದು ಕೊಂಡಾಡಿದರೆ, ಪಕ್ಕದಲ್ಲೇ ಇನ್ನೊಬ್ಬರು ಇದು ಆಟವೇ ಅಲ್ಲ, ದುಡ್ಡು ದಂಡ ಎಂದು ಬೈದಿರುತ್ತಾರೆ. ಯಾರ ಮಾತು ನಂಬುವುದು ಎಂಬುದು ನಿನ್ನ ಪ್ರಶ್ನೆ. ನಾನೂ ಆ ಆಟವನ್ನು ಕೊನೆಯವರೆಗೆ ಆಡಿದ್ದೇನೆ, ಪರ ವಿರೋಧ ಎರಡನ್ನೂ ಸಾಕಷ್ಟು ಓದಿದ್ದೇನೆ. ಆದ್ದರಿಂದ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸುವ ಬದಲು ಕೂತು ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಈ ಎರಡು ಗುಂಪುಗಳ ಜಗಳ ನನಗೆ ಅಷ್ಟು ಮುಖ್ಯವಾಗಿ ಕಾಣಲಿಲ್ಲ. ಹುಡುಗಿಯನ್ನು ದಾರಿಯಿಂದ ಕೆಳಗಿಳಿಸಲು ಕೈಯೇ ಬರಲಿಲ್ಲ ಎಂದು ಬರೆದ ಇನ್ನೊಂದು ಬಗೆಯ ಆಟಗಾರರಿದ್ದಾರೆ. ಈ ಆಟದ ನಾಡಿ ಹಿಡಿದವರು ಅವರೇ ಎಂಬುದು ನನ್ನ ತೀರ್ಮಾನ.

ಆಟದ ಹಿನ್ನೆಲೆ ನಿನಗೆ ಅಷ್ಟಿಷ್ಟು ಗೊತ್ತಿದೆ, ಆದರೂ ಕ್ರಮವಾಗಿ ಹೇಳುತ್ತೇನೆ. ಇದನ್ನು ಮಾಡಿದ್ದು ಬೆಲ್ಜಿಯಂ ದೇಶದ ಘೆಂಟ್ ನಗರದಲ್ಲಿದ್ದ 'ಟೇಲ್ ಆಫ್ ಟೇಲ್ಸ್' ಎಂಬ ಪುಟ್ಟ ಸ್ಟುಡಿಯೋ. ಅದನ್ನು ನಡೆಸುತ್ತಿದ್ದವರು ಆರಿಯಾ ಹಾರ್ವಿ ಮತ್ತು ಮಿಖಾಯೆಲ್ ಸಾಮಿನ್ ದಂಪತಿ. 2009ರ ಮಾರ್ಚ್‌ನಲ್ಲಿ ಆಟ ಬಿಡುಗಡೆಯಾಯಿತು. ಆಧಾರ ಯುರೋಪಿನ ಕೆಂಪು ಟೋಪಿಯ ಹುಡುಗಿಯ ಕಥೆ, ಅಜ್ಜಿಯ ಮನೆಗೆ ಹೊರಟವಳು ಕಾಡಿನಲ್ಲಿ ತೋಳದ ಕಣ್ಣಿಗೆ ಬೀಳುತ್ತಾಳಲ್ಲ, ಅದೇ. ಒಬ್ಬಳ ಬದಲಿಗೆ ಇಲ್ಲಿ ಆರು ಮಂದಿ ಅಕ್ಕತಂಗಿಯರು: ಒಂಬತ್ತು ವರ್ಷದ ರಾಬಿನ್, ಹನ್ನೊಂದರ ರೋಸ್, ಹದಿಮೂರರ ಜಿಂಜರ್, ಹದಿನೈದರ ರೂಬಿ, ಹದಿನೇಳರ ಕಾರ್ಮೆನ್, ಹತ್ತೊಂಬತ್ತರ ಸ್ಕಾರ್ಲೆಟ್. ನಗರದ ಮನೆಯೊಂದರಲ್ಲಿ ವಾಸವಾಗಿರುವ ಇವರನ್ನು ತಾಯಿ ಒಬ್ಬೊಬ್ಬರನ್ನಾಗಿ, ಕಾಡಿನೊಳಗೆ ಹಾಸಿಗೆ ಹಿಡಿದು ಮಲಗಿರುವ ಅಜ್ಜಿಯ ಮನೆಗೆ ಕಳಿಸುತ್ತಾಳೆ. ಅಜ್ಜಿಯ ಮನೆಗೆ ಹೋಗು, ದಾರಿ ಬಿಟ್ಟು ಕದಲಬೇಡ ಎಂಬುದೊಂದೇ ಕಟ್ಟಪ್ಪಣೆ. ತಾಯಿ ಮಾತ್ರ ಆಟದುದ್ದಕ್ಕೂ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಇದನ್ನು ಕೊರತೆಯೆಂದು ಯಾರೂ ಎತ್ತಿ ಆಡಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ತಾಯಂದಿರು ಈ ಆಟವನ್ನು ಹೆಚ್ಚಾಗಿ ಆಡಿಲ್ಲವೇನೋ.

ವಿರೋಧಿಸುವವರ ದೊಡ್ಡ ದೂರು ನಿಧಾನದ್ದು. ಹುಡುಗಿ ನಡೆಯುವುದು ತೀರಾ ನಿಧಾನ, ಕಾಡಿನಲ್ಲಿ ಹತ್ತು ನಿಮಿಷ ಅಲೆದರೂ ಏನೂ ಸಿಗುವುದಿಲ್ಲ, ಗೆಲ್ಲಲು ಶತ್ರುವಿಲ್ಲ, ಬಿಡಿಸಲು ಒಗಟಿಲ್ಲ. ಇವೆಲ್ಲವೂ ನಿಜವೇ. ಆದರೆ ಓಡಿಸಿ ನೋಡಿದವರಿಗೆ ಈ ನಿಧಾನವನ್ನು ಎಷ್ಟು ಯೋಚಿಸಿ ಇಟ್ಟಿದ್ದಾರೆಂಬುದು ಗೊತ್ತಾಗುತ್ತದೆ. ಹುಡುಗಿ ಓಡತೊಡಗಿದೊಡನೆ ಅವಳ ಹಿಂದಿದ್ದ ಕ್ಯಾಮೆರಾ ಮೇಲಕ್ಕೇರಿ ಕೆಳಮುಖವಾಗುತ್ತದೆ, ಮುಂದಿನ ಹಾದಿ ಪರದೆಯಿಂದ ಜಾರಿಹೋಗುತ್ತದೆ, ಅಂಚಿನಿಂದ ಕತ್ತಲು ಕವಿಯತೊಡಗುತ್ತದೆ. ಬೇಗ ಹೋಗಬೇಕೆಂದರೆ ಕುರುಡಾಗಿ ಹೋಗಬೇಕು, ಕಾಣಬೇಕೆಂದರೆ ನಡೆಯಬೇಕು. ಬೇರೆ ಆಟಗಳಲ್ಲಿ ಓಡುವುದು ಲಾಭ, ಇಲ್ಲಿ ನಷ್ಟ. ಓಡಿಯೇ ಆಟ ಮುಗಿಸಿದವರು ಕಾಡಿನಲ್ಲಿ ಏನೂ ಇರಲಿಲ್ಲ ಎಂದು ಬರೆದರೆ ಅದರಲ್ಲಿ ಆಶ್ಚರ್ಯವೇನಿದೆ?

ಇನ್ನೊಂದು ದೂರು ಹಿಡಿತದ್ದು. ಸಾಮಾನ್ಯವಾಗಿ ಆಟವೆಂದರೆ ಗುಂಡಿ ಒತ್ತಿದಂತೆ ಪಾತ್ರ ಕುಣಿಯಬೇಕು. ಇಲ್ಲಿ ಕಾಡಿನ ಮಧ್ಯೆ ಬಿದ್ದಿರುವ ಹಳೆಯ ಕಾರಿನ ಬಳಿಗೋ ಸ್ನಾನದ ತೊಟ್ಟಿಯ ಬಳಿಗೋ ಹುಡುಗಿಯನ್ನು ಕರೆತಂದು, ಅಲ್ಲಿ ಕೀಲಿಗಳಿಂದ ಕೈ ತೆಗೆಯಬೇಕು. ಕೈ ತೆಗೆದ ಮೇಲೆ ಅವಳೇ ಮುಂದೆ ಹೋಗಿ ಮುಟ್ಟುತ್ತಾಳೆ, ಕೂರುತ್ತಾಳೆ, ಒಂದು ಮಾತು ಯೋಚಿಸುತ್ತಾಳೆ, ಆ ಮಾತು ಪರದೆಯ ಮೇಲೆ ಮೂಡಿ ಮಾಯವಾಗುತ್ತದೆ. ಅದೇ ವಸ್ತುವಿನ ಮುಂದೆ ರಾಬಿನ್ ಯೋಚಿಸುವುದೇ ಬೇರೆ, ರೂಬಿ ಯೋಚಿಸುವುದೇ ಬೇರೆ. ಮಕ್ಕಳನ್ನು ಸಾಕಿದವರಿಗೆ ಈ ಏರ್ಪಾಡು ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಇಪ್ಪತ್ತು ವರ್ಷ ಗೇಮ್‌ಗಳಲ್ಲೇ ಪಳಗಿದವರಿಗೆ ಅದು ಕೆಟ್ಟುಹೋದ ಯಂತ್ರದಂತೆ ಕಂಡಿದ್ದರೆ ಅವರನ್ನೂ ನಾನು ಪೂರ್ತಿ ದೂರುವುದಿಲ್ಲ. ತಾಂತ್ರಿಕ ದೂರುಗಳಲ್ಲಂತೂ ಹುರುಳಿದೆ. ಎತ್ತ ತಿರುಗಿದರೂ ಒಂದೇ ಬಗೆಯ ಮರಗಳು, ಕ್ಯಾಮೆರಾ ಕೆಲವೊಮ್ಮೆ ಬೇಡದ ಕಡೆಗೆ ವಾಲುತ್ತದೆ, ನೋಡಿದ ಜಾಗಕ್ಕೇ ಮತ್ತೆ ಮತ್ತೆ ಬಂದು ಬೀಳುತ್ತೇವೆ. ಕಾಡಿನಲ್ಲಿ ಹರಡಿರುವ 144 ಹೂವುಗಳನ್ನು ಒಂದೂ ಬಿಡದೆ ಆರಿಸಲು ಹೊರಟವರ ಗೊಣಗಾಟವನ್ನು ಓದಿ ಮಾತ್ರ ನನಗೆ ನಗು ಬಂತು. ಎಣಿಸಲು ಏನಾದರೂ ಕೊಟ್ಟರೆ ಸಾಕು, ತೋಳವನ್ನೇ ಮರೆತು ಹೂ ಆರಿಸುತ್ತಾ ಕೂರುವ ಜನರಿದ್ದಾರೆಂದು ಮಾಡಿದವರಿಗೆ ಚೆನ್ನಾಗಿಯೇ ಗೊತ್ತಿತ್ತು.

ಈಗ ಎಲ್ಲರೂ ತಪ್ಪದೆ ಪ್ರಸ್ತಾಪಿಸುವ ಆ ಸೋಲಿನ ವಿಷಯ. ತಾಯಿಯ ಮಾತಿನಂತೆ ಎಡಕ್ಕೂ ಬಲಕ್ಕೂ ತಿರುಗದೆ ನೇರ ನಡೆದರೆ ಕೆಲವೇ ನಿಮಿಷಗಳಲ್ಲಿ ಅಜ್ಜಿಯ ಮನೆ ಬರುತ್ತದೆ. ಹುಡುಗಿ ಒಳಗೆ ಹೋಗಿ, ಹಾಸಿಗೆಯಲ್ಲಿರುವ ಅಜ್ಜಿಯ ಪಕ್ಕ ಸೇರುತ್ತಾಳೆ. ಎಲ್ಲವೂ ಕ್ಷೇಮ. ಕೂಡಲೇ ಪರದೆಯ ಮೇಲೆ ನೀನು ಸೋತೆ ಎಂಬ ತೀರ್ಪು ಬರುತ್ತದೆ: ತೋಳ ಸಿಗಲಿಲ್ಲ, ವಸ್ತುಗಳು ಸಿಗಲಿಲ್ಲ, ಮನೆಯ ಕೋಣೆಗಳು ತೆರೆಯಲಿಲ್ಲ. ಹುಡುಗಿ ಮತ್ತೆ ಆಟ ಶುರುವಾಗುವ ಕೆಂಪು ಕೋಣೆಯಲ್ಲಿ ಅಕ್ಕತಂಗಿಯರ ನಡುವೆ ನಿಂತಿರುತ್ತಾಳೆ, ಅವಳನ್ನು ಮತ್ತೊಮ್ಮೆ ಕಳಿಸಬೇಕು. ದಾರಿ ಬಿಟ್ಟು, ತೋಳವನ್ನು ಕಂಡು, ಕೆಟ್ಟದ್ದಾದ ಮೇಲಷ್ಟೇ ಅದು ಗೆಲುವು. ಕೆಲವರಿಗೆ ಇದು ಮೋಸವೆನಿಸಿತು, ಹೇಳಿದಂತೆ ಕೇಳಿದವರಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು ಎಂದರು. ಇನ್ನು ಕೆಲವರು ಇದನ್ನು ಚಮತ್ಕಾರವೆಂದು ಮೆಚ್ಚಿದರು, ಆಜ್ಞೆ ಮೀರಿದಾಗಲೇ ಬದುಕು ತೆರೆದುಕೊಳ್ಳುವುದೆಂದು ವ್ಯಾಖ್ಯಾನ ಬರೆದರು. ಎರಡನೆಯವರ ಉತ್ಸಾಹ ನನಗೆ ಸ್ವಲ್ಪ ಹಗುರವಾಗಿಯೇ ಕಂಡಿತು. ಮೀರಿದವಳಿಗೆ ಈ ಆಟ ಕೊಡುವ ಬಹುಮಾನವೇನು ಎಂಬುದನ್ನು ಅವರು ನಿಂತು ನೋಡಿದಂತಿಲ್ಲ.

ಆರು ಹುಡುಗಿಯರಿಗೂ ಬೇರೆ ಬೇರೆ ತೋಳಗಳು. ರಾಬಿನ್‌ಗೆ ಸ್ಮಶಾನದಲ್ಲಿ ನಿಜವಾದ ತೋಳದಂಥ ಪ್ರಾಣಿಯೇ ಎದುರಾಗುತ್ತದೆ, ಅವಳು ಅದರೊಂದಿಗೆ ಆಡಲು ಹೋಗುತ್ತಾಳೆ. ರೋಸ್‌ಗೆ ಕೆರೆಯ ಮೇಲಿನ ಮಂಜಿನಿಂದಲೇ ಮೂಡಿದಂಥ ಒಬ್ಬ ಮನುಷ್ಯ. ಜಿಂಜರ್‌ಗೆ ಹೂವಿನ ಬಯಲಿನಲ್ಲಿ ಕೆಂಪು ಬಟ್ಟೆಯ ಇನ್ನೊಬ್ಬ ಹುಡುಗಿ. ಕಾಲಿಗೆ ಲೋಹದ ಪಟ್ಟಿ ಕಟ್ಟಿಕೊಂಡು ಕುಂಟುತ್ತಾ ನಡೆಯುವ ರೂಬಿಗೆ ಪಾಳುಬಿದ್ದ ಆಟದ ಮೈದಾನದಲ್ಲಿ ಸಿಗರೇಟು ಕೊಡುವ ಒಬ್ಬ ಯುವಕ. ಕಾರ್ಮೆನ್‌ಗೆ ಡೇರೆ ಹಾಕಿಕೊಂಡು ಮರ ಕಡಿಯುತ್ತಿರುವ ಒಬ್ಬ ಗಂಡಸು, ಅವನ ಬಳಿಯ ಬಿಯರ್, ಬೆಂಕಿ. ತಂಗಿಯರ ಭಾರವನ್ನೆಲ್ಲ ಹೊತ್ತ ಸ್ಕಾರ್ಲೆಟ್‌ಗೆ ಹಾಳು ರಂಗಮಂದಿರದಲ್ಲಿ ಪಿಯಾನೋದ ಬಳಿ ಕೂತ ಒಂದು ವ್ಯಕ್ತಿ. ಅಲ್ಲಿ ಏನು ನಡೆಯಿತೆಂದು ಆಟ ತೋರಿಸುವುದಿಲ್ಲ, ಪರದೆ ಕಪ್ಪಾಗುತ್ತದೆ. ಮತ್ತೆ ಬೆಳಕು ಬಂದಾಗ ಹುಡುಗಿ ಅಜ್ಜಿಯ ಮನೆಯ ಮುಂದಿನ ದಾರಿಯಲ್ಲಿ ಮಳೆಯಲ್ಲಿ ಬಿದ್ದಿರುತ್ತಾಳೆ. ನಿಧಾನವಾಗಿ ಏಳುತ್ತಾಳೆ, ಕಾಲೆಳೆಯುತ್ತಾ ಬಾಗಿಲಿಗೆ ನಡೆಯುತ್ತಾಳೆ. ಆಗ ಯಾವ ಕೀಲಿ ಒತ್ತಿದರೂ ವೇಗ ಹೆಚ್ಚುವುದಿಲ್ಲ. ಒಳಗೆ ಹೋದ ಮೇಲೆ ಮನೆ ಮನೆಯಾಗಿ ಉಳಿದಿರುವುದಿಲ್ಲ, ಅವಳು ಕಾಡಿನಲ್ಲಿ ಕಂಡದ್ದೆಲ್ಲ ಕೋಣೆಗಳಾಗಿ ಎದುರಾಗುತ್ತದೆ, ಕೊನೆಗೆ ಕಣ್ಣು ಕೋರೈಸುವಂತೆ ಕೆಲವು ಚಿತ್ರಗಳು ಮಿಂಚಿ ಮುಗಿಯುತ್ತದೆ. ಕೆಂಪು ಕೋಣೆಗೆ ಹಿಂದಿರುಗಿದರೆ ಒಬ್ಬಳು ಕಡಿಮೆ. ಜಾರ್ಬೋ ಮತ್ತು ಕ್ರಿಸ್ ಫೋರ್ಸ್ ಅವರ ಸಂಗೀತವನ್ನು ಬೈದವರು ನನಗೆ ಸಿಕ್ಕಿಲ್ಲ. ಆಟವನ್ನು ಅರ್ಧಕ್ಕೇ ಬಿಟ್ಟವರೂ ಅದನ್ನು ಒಪ್ಪಿಕೊಳ್ಳುತ್ತಾರೆ.

ಇದರ ಅರ್ಥವೇನೆಂಬುದರಲ್ಲಿ ಆಟಗಾರರು ಎರಡಾದರು. ಇದು ಹುಡುಗಿ ಹೆಂಗಸಾಗಿ ಬೆಳೆಯುವ ಕಥೆ, ಸಾವೆಂಬುದು ಬಾಲ್ಯದ ಸಾವು ಮಾತ್ರ ಎನ್ನುವವರು ಒಂದು ಕಡೆ. ಇದು ನೇರವಾಗಿ ಅತ್ಯಾಚಾರದ, ಕೊಲೆಯ ಕಥೆ, ಅದಕ್ಕೆ ಕಾವ್ಯದ ಬಣ್ಣ ಬಳಿಯಲಾಗಿದೆ ಎನ್ನುವವರು ಇನ್ನೊಂದು ಕಡೆ. ಮೊದಲಿನವರು ಕೊನೆಯ ಅಧ್ಯಾಯವನ್ನು ಸಾಕ್ಷಿಯಾಗಿ ಹಿಡಿಯುತ್ತಾರೆ: ಆರೂ ಮಂದಿ ಹೋದ ಮೇಲೆ ಬಿಳಿ ಬಟ್ಟೆಯ ಹುಡುಗಿಯೊಬ್ಬಳು ಅಜ್ಜಿಯ ಮನೆಗೆ ಹೋಗಿಬರುತ್ತಾಳೆ, ಆಮೇಲೆ ಅಕ್ಕತಂಗಿಯರೆಲ್ಲ ಮರಳಿ ಬರುತ್ತಾರೆ. (ಹೇಳಿಬಿಟ್ಟೆನೆಂದು ಮುನಿಸಿಕೊಳ್ಳಬೇಡ, ನೀನು ಓದಿದ ಅಭಿಪ್ರಾಯಗಳಲ್ಲಿ ಇದು ಇದ್ದೇ ಇರುತ್ತದೆ.) ಮಾಡಿದವರು ಒಂದೇ ಅರ್ಥಕ್ಕೆ ಕಟ್ಟುಬೀಳದೆ ಆಟಗಾರರಿಗೇ ಬಿಟ್ಟರು. ನನ್ನ ಮಟ್ಟಿಗೆ, ಆರನ್ನೂ ಒಂದೇ ಅಳತೆಗೋಲಿನಿಂದ ಅಳೆಯಲು ಹೋದದ್ದೇ ಎಡವಟ್ಟು. ರೋಸ್ ಮಂಜಿನೊಡನೆ ಮೇಲೇರುವುದನ್ನು ಬೆರಗಿನ ಅನುಭವವೆಂದು ಓದಲು ಅಡ್ಡಿಯಿಲ್ಲ. ಸ್ಕಾರ್ಲೆಟ್‌ಳದ್ದು ಹೊರೆ ಇಳಿಸಲು ಹಂಬಲಿಸುವ ದಣಿದ ಹೆಣ್ಣುಮಗಳ ಕಥೆಯಾಗಬಹುದು. ಆದರೆ ಹದಿನೈದರ ರೂಬಿಗೂ ಆ ಯುವಕನಿಗೂ ನಡುವೆ ನಡೆದದ್ದನ್ನು ಬೆಳವಣಿಗೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಒಂಬತ್ತು ವರ್ಷದ ರಾಬಿನ್ ಮಳೆಯಲ್ಲಿ ಎದ್ದು ಕಾಲೆಳೆಯುವುದನ್ನು ಕಂಡೂ ಬಾಲ್ಯದ ಅಂತ್ಯವೆಂದು ತಣ್ಣಗೆ ಬರೆಯುವವರಿಗೆ ಒಂಬತ್ತು ವರ್ಷದ ಮಕ್ಕಳು ಹೇಗಿರುತ್ತಾರೆಂದು ಗೊತ್ತಿಲ್ಲ.

ದಾರಿ ಬಿಟ್ಟ ಹುಡುಗಿಗೆ ಹೀಗೇ ಆಗಬೇಕು ಎಂದು ಆಟ ಹೇಳುತ್ತದೆಯೆಂಬ ಆಕ್ಷೇಪವೂ ಇದೆ, ಇದನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ಮೂಲಕಥೆಗೆ ಆ ಕಳಂಕವಿದೆ. 1697ರಲ್ಲಿ ಫ್ರಾನ್ಸಿನಲ್ಲಿ ಅಚ್ಚಾದ ರೂಪದಲ್ಲಿ ತೋಳ ಹುಡುಗಿಯನ್ನು ತಿಂದುಬಿಡುತ್ತದೆ, ಬಿಡಿಸಲು ಯಾರೂ ಬರುವುದಿಲ್ಲ, ಕೊನೆಗೆ ಚೆಂದದ ಹುಡುಗಿಯರು ಸಿಕ್ಕಸಿಕ್ಕವರ ಮಾತು ಕೇಳಬಾರದೆಂಬ ಉಪದೇಶ. ಬೇಟೆಗಾರ ಬಂದು ತೋಳದ ಹೊಟ್ಟೆ ಸೀಳಿ ಹೊರತೆಗೆಯುವುದು 1812ರ ಜರ್ಮನ್ ಸಂಗ್ರಹದಲ್ಲಿ. ಈ ಆಟ ಬೇಟೆಗಾರನನ್ನು ಕೈಬಿಟ್ಟಿತು, ಉಪದೇಶವನ್ನೂ ಕೈಬಿಟ್ಟಿತು, ಅವೆರಡರ ಜಾಗದಲ್ಲಿ ಆಟಗಾರನನ್ನು ನಿಲ್ಲಿಸಿತು. ಪುಸ್ತಕದಲ್ಲಿ ಹುಡುಗಿ ತಾನಾಗಿ ದಾರಿ ಬಿಡುತ್ತಾಳೆ. ಇಲ್ಲಿ ಬಿಡಿಸುವುದು ನಿನ್ನ ಬೆರಳು. ಮುಂದಿನದನ್ನು ಅವಳೇ ಮಾಡಲೆಂದು ಕೈ ತೆಗೆಯುವವಳೂ ನೀನೇ.

ಅದಕ್ಕೇ ನಾನು ಮೊದಲು ಹೇಳಿದ ಆಟಗಾರರ ಮಾತು ನನಗೆ ತೂಕದ್ದೆನಿಸುವುದು. ಮೊದಲ ಹುಡುಗಿ ಮರಳಿ ಬಾರದಿದ್ದುದನ್ನು ಕಂಡು, ಎರಡನೆಯವಳನ್ನು ಕರೆದೊಯ್ಯುವಾಗ ಅವರು ತಡವರಿಸಿದರು. ಕೆಲವರು ಸೋಲೆಂದು ಗೊತ್ತಿದ್ದೂ ನೇರ ಅಜ್ಜಿಯ ಮನೆಗೆ ನಡೆಸಿದರು. ಬಿಳಿ ಬಟ್ಟೆಯ ಆ ಹುಡುಗಿ ಕಾಡಿನಲ್ಲೂ ಓಡಾಡಿಕೊಂಡಿರುತ್ತಾಳೆ. ಅವಳು ಕೈ ಹಿಡಿದು ಕರೆದರೆ ದಾರಿಗೆ ಮರಳಬಹುದು, ಏಕೆಂದರೆ ಒಳಹೊಕ್ಕವರಿಗೆ ದಾರಿ ತಾನಾಗಿ ಮತ್ತೆ ಸಿಗುವುದಿಲ್ಲ. ತೋಳದ ಹತ್ತಿರ ಬಂದಾಗಲೂ ಅವಳನ್ನೇ ಹುಡುಕಿಕೊಂಡು ತಿರುಗಿದೆವು ಎಂದವರಿದ್ದಾರೆ. ಕಡೆಗೆ ಅವರಲ್ಲಿ ಹೆಚ್ಚಿನವರೂ ಆಟ ಮುಗಿಸಿದರು, ಅಂದರೆ ಆರು ಮಂದಿಯನ್ನೂ ಒಪ್ಪಿಸಿದರು, ಕುತೂಹಲ ತಡೆಯಲಾಗಲಿಲ್ಲ ಎಂದು ಒಪ್ಪಿಕೊಂಡರು. ಇದು ಆಟ ಹೌದೋ ಅಲ್ಲವೋ ಎಂಬ ಪ್ರಶ್ನೆಗೆ ಅದಕ್ಕಿಂತ ನೇರವಾದ ಉತ್ತರ ನನಗೆ ತಿಳಿಯದು. ಚಲನಚಿತ್ರ ನೋಡುವವರು ಹುಡುಗಿಗೆ ಆದದ್ದಕ್ಕೆ ಮರುಗಬಹುದು, ತಾವೇ ಕಳಿಸಿದೆವೆಂದು ತಪ್ಪಿತಸ್ಥ ಭಾವ ಪಡಲಾರರು.

ಆ ಸ್ಟುಡಿಯೋದ ಗತಿ ಏನಾಯಿತೆಂದು ಕೇಳಿದ್ದೆ. ಅವರು ಇನ್ನೂ ಕೆಲವು ಆಟಗಳನ್ನು ಮಾಡಿದರು. 2015ರಲ್ಲಿ 'ಸನ್‌ಸೆಟ್' ಎಂಬ ಆಟವನ್ನು ಹೆಚ್ಚು ಜನರಿಗೆ ತಲುಪಲೆಂದೇ ಮಾಡಿದರು. ಅದು ಸುಮಾರು 4,000 ಪ್ರತಿಗಳಷ್ಟೇ ಹೋಯಿತು, ಬೇಸತ್ತು ಮಾರಾಟಕ್ಕಾಗಿ ಆಟ ಮಾಡುವುದನ್ನೇ ನಿಲ್ಲಿಸಿದರು. ವಿಚಿತ್ರವೆಂದರೆ, ಸುಮ್ಮನೆ ನಡೆದಾಡುತ್ತಾ ಕಥೆ ಕಾಣುವ ಆಟಗಳು ಅಷ್ಟರಲ್ಲಿ ರೂಢಿಗೆ ಬಂದಿದ್ದವು. 'ದ ಪಾತ್' ಬಂದಾಗ ಅಂಥದ್ದನ್ನು ಯಾವ ಸಾಲಿಗೆ ಸೇರಿಸಬೇಕೆಂದು ಬಹುಮಂದಿಗೆ ತೋಚಿರಲಿಲ್ಲ. ಈಚೆಗೆ ಆಡಿದವರ ಮಾತಿನಲ್ಲಿ ಸಿಟ್ಟು ಕಡಿಮೆಯಿರುವುದಕ್ಕೆ ಅದೂ ಒಂದು ಕಾರಣವಿರಬೇಕು. ಹಳೆಯ ಅಭಿಪ್ರಾಯ, ಹೊಸ ಅಭಿಪ್ರಾಯ ಎಂದು ಬೇರ್ಪಡಿಸಿ ಓದಿದರೆ ನಿನ್ನ ಗೊಂದಲ ಅರ್ಧ ಇಳಿಯುತ್ತದೆ.

ನಿನಗೆ ಹತ್ತೊಂಬತ್ತಾಯಿತು, ಆಡಬೇಡವೆನ್ನಲು ನನಗೆ ಕಾರಣವಿಲ್ಲ. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಆಡು, ಓಡಬೇಡ, ಒಂದು ಸಲಕ್ಕೆ ಒಬ್ಬಳನ್ನು ಮಾತ್ರ ಕರೆದುಕೊಂಡು ಹೋಗು. ತೋಳ ಎಲ್ಲಿದೆಯೆಂದು ಮೊದಲೇ ಹುಡುಕಿಟ್ಟುಕೊಂಡು ಆಡುವವರ ಚಾಳಿ ನಿನಗೆ ಬೇಡ. ನಾನು ಜಾಗಗಳ ಹೆಸರನ್ನಷ್ಟೇ ಹೇಳಿದ್ದೇನೆ, ದಿಕ್ಕು ಹೇಳಿಲ್ಲ. ಮುಗಿಸಿದ ಮೇಲೆ ಕಾರ್ಮೆನ್‌ಳ ಅಧ್ಯಾಯದ ಬಗ್ಗೆ ಬರೆ. ಅವಳೇ ಬಯಸಿ ಆ ಗಂಡಸಿನ ಬಳಿ ಹೋಗಿ ಕೂರುತ್ತಾಳೆಂಬ ಕಾರಣಕ್ಕೆ ಅದನ್ನು ಬೇರೆಯಾಗಿ ನೋಡಬೇಕೆಂದು ಹಲವರು ವಾದಿಸುತ್ತಾರೆ, ನಾನು ಒಪ್ಪುವುದಿಲ್ಲ. ನಿನ್ನ ವಯಸ್ಸಿನವರಿಗೆ ಅದು ಹೇಗೆ ಕಾಣುತ್ತದೆಂದು ತಿಳಿಯುವ ಆಸೆಯಿದೆ.

ಇಂತಿ ನಿನ್ನ,
ಅಮ್ಮ