ಅಳೆದ ಅಕ್ಕಿಯಿಂದ ಒಂದು ಹಿಡಿ

ತಿಪಟೂರು ಕಡೆಯ ನಮ್ಮೂರಲ್ಲಿ ಅಜ್ಜಿ ಅನ್ನಕ್ಕಿಡುವ ಮುಂಚೆ ಪಾವಿನಲ್ಲಿ ಅಕ್ಕಿ ಅಳೆದು ಮೊರಕ್ಕೆ ಸುರಿಯುತ್ತಿದ್ದರು. ಆ ಮೊರದಿಂದಲೇ ಒಂದು ಹಿಡಿ ತೆಗೆದು, ಮೂಲೆಯಲ್ಲಿದ್ದ ಮಡಕೆಗೆ ಹಾಕುತ್ತಿದ್ದರು. ಆ ಹೊತ್ತಿನಲ್ಲಿ ಯಾರು ಕರೆದರೂ ಮಾತಾಡುತ್ತಿರಲಿಲ್ಲ. ಮಡಕೆ ತುಂಬಿದಾಗ ಆ ಹಿಡಿಯಕ್ಕಿ ಸಿದ್ಧಗಂಗೆಗೆ ಹೋಗುತ್ತಿತ್ತು, ಮಠದಲ್ಲಿದ್ದು ಓದುವ ಸಾವಿರಾರು ಮಕ್ಕಳ ಊಟಕ್ಕೆ.

"ಮೂಟೆಯಿಂದಲೇ ತೆಗೆದಿಡಬಹುದಲ್ಲ ಅಜ್ಜಿ?" ಅಂತ ಒಮ್ಮೆ ಕೇಳಿದ್ದೆ.

"ಮೂಟೇಲಿ ತೆಗೆದ್ರೆ ನಮಗೆಲ್ಲಿ ಗೊತ್ತಾಗುತ್ತೆ ಮಗಾ?" ಅಂದಿದ್ದರು.

ಬ್ರಿಟನ್ನಿಗೆ ಬಂದ ಮೇಲೆ ನನ್ನ ದಾನವೆಲ್ಲ ಮೂಟೆಯಿಂದಲೇ ನಡೆಯಿತು. ಒಂದನೇ ತಾರೀಕು ಡೈರೆಕ್ಟ್ ಡೆಬಿಟ್‌ನಲ್ಲಿ ದುಡ್ಡು ಹೋಗುತ್ತದೆ. ಯಾರಿಗೆ ಎಷ್ಟು ಅಂತ ಕೇಳಿದರೆ ಬ್ಯಾಂಕಿನ ಆ್ಯಪ್ ನೋಡಿ ಹೇಳಬೇಕು. ಅದನ್ನು ನಿಲ್ಲಿಸಿ ಅನ್ನುತ್ತಿಲ್ಲ. ತಿಂಗಳಿಗಿಷ್ಟು ಬರುತ್ತದೆ ಅಂತ ಖಾತ್ರಿಯಿದ್ದರೆ ಸಂಸ್ಥೆಗಳಿಗೆ ಅನುಕೂಲ. ಇಲ್ಲಿ ತೆರಿಗೆ ಕಟ್ಟುವವರು ಗಿಫ್ಟ್ ಏಡ್ ಫಾರಂಗೆ ಸಹಿ ಹಾಕಿದರೆ, ಕೊಟ್ಟ ಒಂದೊಂದು ಪೌಂಡಿಗೂ ಸರ್ಕಾರದಿಂದ 25 ಪೆನ್ಸ್ ಸೇರುತ್ತದೆ. ದಾನ ಗುಪ್ತವಾಗಿರಬೇಕು, ಹೆಸರು ಬರೆಯುವುದಿಲ್ಲ ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಅವರ ಮೇಲಿನ ಗೌರವದಿಂದಲೇ ಕೇಳಿಕೊಳ್ಳುತ್ತೇನೆ, ಸಹಿ ಹಾಕಿ. ಆ 25 ಪೆನ್ಸ್ ಹಸಿದವರದು.

ಆದರೆ ಅಜ್ಜಿ ಮಾಡುತ್ತಿದ್ದುದು ಇದಲ್ಲ. ಅದು ಅವರ ಪೂಜೆ. ಹೋದ ಚಳಿಗಾಲದಲ್ಲಿ ನಾನೂ ಅಡುಗೆಮನೆಯಲ್ಲಿ ಒಂದು ಡಬ್ಬಿ ಇಟ್ಟೆ. ಎರಡು ತಿಂಗಳಲ್ಲಿ ಮೂರು ಕಿಲೋ ಸೋನಾ ಮಸೂರಿ ಕೂಡಿತು. ಇಲ್ಲದವರಿಗೆ ದಿನಸಿ ಹಂಚುವ ಹತ್ತಿರದ ಫುಡ್ ಬ್ಯಾಂಕಿಗೆ ಒಯ್ದರೆ, ಅಲ್ಲಿದ್ದ ಹೆಂಗಸು ಮೆಲ್ಲಗೆ, "ಬಿಡಿ ಅಕ್ಕಿ ತಗೊಳ್ಳೋ ಹಾಗಿಲ್ಲ" ಅಂದರು. ಬಾಗಿಲಿಗೆ ಅಂಟಿಸಿದ್ದ ಪಟ್ಟಿಯಲ್ಲಿ ಡಬ್ಬಿಯ ಮೀನು, ಕೆಡದ ಹಾಲು, ಶಾಂಪೂ, ನ್ಯಾಪಿ. ಅಕ್ಕಿಯ ಹೆಸರೇ ಇರಲಿಲ್ಲ. ಡಬ್ಬಿ ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕೂತೆ. ಮನಸ್ಸಿಗೆ ನೋವಾಗಿತ್ತು.

ಆಗ ಆಯ್ದಕ್ಕಿ ಲಕ್ಕಮ್ಮ ನೆನಪಾದಳು. 12ನೇ ಶತಮಾನದ ಕಲ್ಯಾಣದಲ್ಲಿ ಅವಳ ಗಂಡ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ, ಅದರಲ್ಲೇ ಇಬ್ಬರೂ ದಾಸೋಹ ನಡೆಸುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ತಂದ. "ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ" ಎಂದಳು ಲಕ್ಕಮ್ಮ. ಹೆಚ್ಚಿನದನ್ನು ಅಲ್ಲೇ ಸುರಿದು ಬರಲು ಕಳಿಸಿದಳು. ತಂದದ್ದು ಬೇರೆಯವರಿಗೆ ಉಣಬಡಿಸಲಿಕ್ಕೇ, ಆದರೂ ಒಪ್ಪಲಿಲ್ಲ. ಕೊಡುವ ಆಸೆಯೂ ಆಸೆಯೇ. ನಾನು ಕೂಡಿಟ್ಟದ್ದನ್ನೇ ಅವರು ಉಣ್ಣಬೇಕು ಎಂಬ ಆಸೆ ನನ್ನ ನೋವಿನೊಳಗಿತ್ತು. ಮುಂಗಡ ಹಾಕಿದರಷ್ಟೇ ಗ್ಯಾಸ್ ಬರುವ ಮೀಟರಿಗೆ ದುಡ್ಡಿಲ್ಲದ ಮನೆಯಲ್ಲಿ ಅಕ್ಕಿ ಬೇಯುವುದು ಹೇಗೆ ಅಂತ ನನಗೆ ಹೊಳೆದೇ ಇರಲಿಲ್ಲ.

ಈಗಲೂ ದಿನಾ ಒಂದು ಹಿಡಿ ತೆಗೆದಿಡುತ್ತೇನೆ, ಅಳೆದ ಅಕ್ಕಿಯಿಂದಲೇ. ತಿಂಗಳ ಕೊನೆಗೆ ತೂಗಿ, ಅದರ ಬೆಲೆಗೆ ಬಾಗಿಲ ಮೇಲಿನ ಪಟ್ಟಿಯಲ್ಲಿರುವುದನ್ನು ಕೊಂಡು ಒಯ್ಯುತ್ತೇನೆ. ಅಕ್ಕಿ ನಮ್ಮ ಅನ್ನಕ್ಕೇ ಆಗುತ್ತದೆ.

ಇಲ್ಲಿನ ಕನ್ನಡಿಗರು ಸೇರುವ ರಾಜ್ಯೋತ್ಸವದ ದಿನ ಸಭಾಂಗಣದಲ್ಲಿ ಚಪ್ಪಲಿ ಬಿಡುವ ಜಾಗದ ಪಕ್ಕ ಫುಡ್ ಬ್ಯಾಂಕಿಗಾಗಿ ಒಂದು ಬುಟ್ಟಿ ಇರುತ್ತದೆ, ಯಾರು ಏನು ಹಾಕಿದರೆಂದು ಬರೆದುಕೊಳ್ಳುವವರು ಇರುವುದಿಲ್ಲ. ಈ ಸಲ ಬೇಕಾಗಿರುವುದು ಕೆಡದ ಹಾಲು, ಡಬ್ಬಿಯ ಹಣ್ಣು, ಟೂತ್‌ಪೇಸ್ಟ್, ನಾಲ್ಕನೇ ಸೈಜಿನ ನ್ಯಾಪಿ.