ದುರ್ಗದ ಕಾಡಿಗೂ ಒಂದು ಗೋಪುರ ಬೇಕು

ಕಾಡು ಮತ್ತು ಗಾಳಿಯ ನಡುವಿನ ನೀರಾವಿ, ಇಂಗಾಲದ ಡೈಆಕ್ಸೈಡ್‌ಗಳ ಕೊಡು-ಕೊಳ್ಳುವಿಕೆಯನ್ನು ಗೋಪುರ ಕಟ್ಟಿ ಅಳೆಯುವ ಸಂಶೋಧನೆ ಅಮೆಜಾನ್ ಕಾಡಿನಲ್ಲಿ ನಡೆಯುತ್ತಿದೆ. ಅಂಥದ್ದು ನಮ್ಮ ದೇವರಾಯನದುರ್ಗದಲ್ಲೂ ನಡೆಯಬೇಕು.

ಮಳೆಗಾಲ ಮುಗಿದ ಹೊಸತರಲ್ಲಿ ತುಮಕೂರಿನಿಂದ ಬೈಕಿನಲ್ಲಿ ಹೊರಟರೆ, ದುರ್ಗದ ತಪ್ಪಲಿನ ನಾಮದ ಚಿಲುಮೆ ಹತ್ತಿರವಾಗುತ್ತಿದ್ದಂತೆ ಮುಖಕ್ಕೆ ತಣ್ಣನೆ ಗಾಳಿ ಬಡಿಯುತ್ತದೆ. ಅದು ಬರೀ ನೆರಳಿನ ತಂಪಲ್ಲ. ಬೇರು ಹೀರಿದ ನೀರನ್ನು ಎಲೆಗಳು ಆವಿಯಾಗಿ ಬಿಡುತ್ತವೆ, ಅದರಿಂದ ಸುತ್ತಲಿನ ಶಾಖ ಇಳಿಯುತ್ತದೆ. ಮಾರ್ಚ್‌ನಲ್ಲಿ ಅದೇ ದಾರಿಯಲ್ಲಿ ಹೋಗಿ ನೋಡಿ, ಕಾಲಡಿ ತರಗೆಲೆಯ ಸದ್ದು ಬಿಟ್ಟರೆ ತಂಪೇ ಇರುವುದಿಲ್ಲ. ಎಲೆ ಉದುರಿಸುವ ಕಾಡು ಅಲ್ವಾ! ವರ್ಷವಿಡೀ ಹಸಿರಾಗಿರುವ ಅಮೆಜಾನ್‌ನ ಲೆಕ್ಕವನ್ನು ಸುಮ್ನೆ ತಂದು ಇಲ್ಲಿಗೆ ಹಚ್ಚಲಾಗದು.

ಅಮೆಜಾನ್‌ನಲ್ಲಿ ಈ ಅಳತೆಗೆಂದೇ 325 ಮೀಟರ್ ಎತ್ತರದ ಗೋಪುರವಿದೆ. ನಮಗೆ ಅಷ್ಟು ಬೇಡ, ಮರಗಳ ತಲೆಗಿಂತ ಕೊಂಚ ಮೇಲಿದ್ದರೆ ಸಾಕು. ಇಂಥ ಗೋಪುರದ ಉಪಕರಣಗಳು ಗಾಳಿಯ ವೇಗ, ನೀರಾವಿ, ಇಂಗಾಲದ ಡೈಆಕ್ಸೈಡ್‌ಗಳನ್ನು ಸೆಕೆಂಡಿಗೆ ಸುಮಾರು 10 ಬಾರಿ ಅಳೆಯುತ್ತವೆ. ಆ ಅಂಕಿಗಳ ರಾಶಿಯನ್ನು ಸೋಸಲು ಪಿಎಚ್‌.ಡಿ. ಮುಗಿಸಿ ಪಳಗಿದವರೇ ಬೇಕು.

ತುಮಕೂರು ವಿಶ್ವವಿದ್ಯಾಲಯ ಮತ್ತು ಅರಣ್ಯ ಇಲಾಖೆ ಒಟ್ಟಾಗಿ ಇಂಥ ಒಬ್ಬಿಬ್ಬರಿಗಾದರೂ ಮೂರು ವರ್ಷದ ಫೆಲೋಶಿಪ್ ಕೊಡಲಿ. ಒಂದೇ ವರ್ಷದ್ದಾದರೆ ಪ್ರಯೋಜನವಿಲ್ಲ, ಒಂದು ಮಳೆಗಾಲ ಇನ್ನೊಂದರಂತೆ ಇರುವುದಿಲ್ಲ.

– ಓದುಗ, ತುಮಕೂರು