ನಮ್ಮ ಹೊಳೆಯ ಸಿಕ್ಲಿಡ್ ಮೀನನ್ನು ಉಳಿಸಿಕೊಳ್ಳೋಣ

ಮಾನ್ಯ ಸಂಪಾದಕರೇ,

ಅಕ್ವೇರಿಯಂ ಅಂಗಡಿಗಳಲ್ಲಿ ಆಫ್ರಿಕಾದ ಮಲಾವಿ ಸರೋವರದ, ಸಿಕ್ಲಿಡ್ ಎಂಬ ಕುಟುಂಬದ ಮೀನುಗಳನ್ನು ಕೇಳಿ ಕೊಳ್ಳುವ ಅನೇಕರಿಗೆ, ಅದೇ ಕುಟುಂಬಕ್ಕೆ ಸೇರಿದ, ನಮ್ಮ ಕರಾವಳಿಯ ಕೆಲವೇ ಸಿಹಿನೀರಿನ ಹೊಳೆಗಳಲ್ಲಿ ಮಾತ್ರ ಬದುಕಿರುವ ಕೆನರಾ ಪರ್ಲ್‌ಸ್ಪಾಟ್ ಎಂಬ ಮೀನಿನ ಪರಿಚಯವೇ ಇಲ್ಲ. 1877ರಲ್ಲಿ ಮೀನುತಜ್ಞ ಫ್ರಾನ್ಸಿಸ್ ಡೇ ಅವರು ವೈಜ್ಞಾನಿಕವಾಗಿ ಮೊದಲು ವಿವರಿಸಿದ ಈ ಮೀನು ಇಂದು ಅಳಿವಿನ ಅಪಾಯದಲ್ಲಿದ್ದರೂ, ಹೊಳೆಯಿಂದಲೇ ಹಿಡಿದು ಅಲಂಕಾರಿಕ ಮೀನಿನ ವ್ಯಾಪಾರಕ್ಕೆ ಒದಗಿಸಲಾಗುತ್ತಿದೆ.

ಮಿತ್ರರೊಬ್ಬರು ಮನೆಯ ತೊಟ್ಟಿಯಲ್ಲೇ ಮರಿ ಮಾಡಿಸಿ ಕೊಟ್ಟ ಒಂದು ಜೋಡಿ ನನ್ನಲ್ಲಿದೆ. ಮೊಟ್ಟೆಯಿಡುವ ಮೊದಲು ಗಂಡು ಹೆಣ್ಣುಗಳೆರಡೂ ಕಲ್ಲನ್ನು ಬಾಯಿಂದ ಉಜ್ಜಿ ಶುಚಿಗೊಳಿಸುತ್ತವೆ. ಮೊಟ್ಟೆಯಿಟ್ಟ ಮೇಲೆ ಸರದಿಯಂತೆ ಅವುಗಳಿಗೆ ನೀರು ಆಡುವಂತೆ ಈಜುರೆಕ್ಕೆ ಬೀಸುತ್ತಾ ಕಾವಲಿದ್ದು, ನೀರು ಬದಲಿಸಲು ಇಳಿಸಿದ ನನ್ನ ಕೈಯನ್ನೂ ಬಿಡದೆ ಕುಕ್ಕುತ್ತವೆ. ಎಷ್ಟು ಸಲ ನೋಡಿದರೂ ನನಗೆ ತೃಪ್ತಿಯಾಗಿಲ್ಲ.

ಬೇಡವಾದ ವಿದೇಶಿ ಮೀನನ್ನು ಕೆರೆಗೆ ಬಿಡುವುದು ಪುಣ್ಯದ ಕೆಲಸವೆಂದು ಭಾವಿಸುವವರೂ ಇದ್ದಾರೆ. 1952ರಲ್ಲಿ ದೇಶಕ್ಕೆ ತಂದ ತಿಲಾಪಿಯಾ ಕೂಡ ಸಿಕ್ಲಿಡ್ಡೇ. ಅದು ಇಂದು ಎಷ್ಟೋ ಕೆರೆಗಳಲ್ಲಿ ದೇಸಿ ಮೀನುಗಳ ಜಾಗವನ್ನು ಆಕ್ರಮಿಸಿದೆ.

ಮೀನುಗಾರಿಕೆ ಇಲಾಖೆಯು ಕೆನರಾ ಪರ್ಲ್‌ಸ್ಪಾಟ್ ಮರಿಗಳನ್ನು ತನ್ನ ಕೇಂದ್ರಗಳಲ್ಲಿ ಉತ್ಪಾದಿಸಿ ಹವ್ಯಾಸಿಗಳಿಗೆ ಒದಗಿಸಬೇಕು ಮತ್ತು ಹೊಳೆಯಿಂದ ಹಿಡಿದವುಗಳ ಮಾರಾಟವನ್ನು ತಡೆಯಬೇಕು ಎಂದು ವಿನಂತಿಸುತ್ತೇನೆ.

– ಅಕ್ವೇರಿಯಂ ಹವ್ಯಾಸಿ, ಪುತ್ತೂರು